ಸೊಸೆಯ ಕೈರುಚಿ

ನನ್ನ ಸಾರನ್ನು ಅತ್ತೆ ಊರೆಲ್ಲ ಹೊಗಳಿಕೊಂಡು ಬರುತ್ತಿದ್ದರು. ಆ ಸಾರನ್ನು ನಾನು ಒಂದು ದಿನವೂ ಮಾಡಿದವಳಲ್ಲ.

ಮಾಡುವವನು ನನ್ನ ಗಂಡ. ಈ ದೇಶಕ್ಕೆ ಬಂದ ಹೊಸತರಲ್ಲಿ ಅವನಿಗೆ ಮೇಜು ಕುರ್ಚಿ ಮಾರುವವರ ಗೋದಾಮಿನಲ್ಲಿ ಕೆಲಸವಿತ್ತು. ಗೋದಾಮು ಬಾಗಿಲು ಹಾಕಿತು. ನನಗೆ ಬೇಕರಿಯಲ್ಲಿ ಕೆಲಸ ಸಿಕ್ಕಿತು. ಹಿಟ್ಟು ನಾದಿ, ಕಾದ ಒಲೆಗೆ ಟ್ರೇ ತಳ್ಳಿ, ಎಳೆದು, ಸೊಂಟ ಹಿಡಿದುಕೊಂಡು ಮನೆಗೆ ಬಂದರೆ ಅವನು ಬಿಸಿ ಅನ್ನ, ಸಾರು ಬಡಿಸುತ್ತಿದ್ದ. ಅದರಲ್ಲಿ ನನಗೇನೂ ತಕರಾರಿರಲಿಲ್ಲ. ಕೆಲಸ ಹೋಗುವುದು ಯಾರ ಕೈಯಲ್ಲಿದೆ? ಸಾರಂತೂ ಬೆರಳು ಚೀಪುವ ಹಾಗಿರುತ್ತಿತ್ತು.

ಸುಳ್ಳು ಹುಟ್ಟಿದ್ದು ಫೋನಿನಲ್ಲಿ. ಅತ್ತೆ ದಿನಾ ವಿಡಿಯೋ ಕಾಲ್ ಮಾಡುತ್ತಾರೆ. ಒಂದು ದಿನ ಇವನು, "ಬೇಕರೀಲಿ ಕೆಲಸ ಸಿಕ್ತಮ್ಮ, ಗೋದಾಮಿಗಿಂತ ವಾಸಿ" ಎಂದುಬಿಟ್ಟ. ನನ್ನ ಬೇಕರಿ! ನಾನು ಮಂಚದ ತುದಿಯಲ್ಲಿ ಕೂತು ಸಾಕ್ಸು ಬಿಚ್ಚುತ್ತಿದ್ದೆ. ಆಮೇಲೆ, "ಸ್ವಲ್ಪ ದಿನ ಕಣೆ, ನಂಗೊಂದು ಕೆಲಸ ಸಿಗ್ಲಿ, ನಾನೇ ಹೇಳ್ತೀನಿ" ಎಂದು ಕೈ ಹಿಡಿದುಕೊಂಡ. ಪಾಪ ಅನ್ನಿಸಿತು. ಈ ಪಾಪ ಅನ್ನಿಸುವ ಬುದ್ಧಿಗಿಷ್ಟು ಬೆಂಕಿ ಹಾಕ!

ಅಲ್ಲಿಂದ ಶುರು. ಅವನು ಮಾಡಿದ ಸಾರು ಫೋನಿನಲ್ಲಿ ನನ್ನ ಕೈರುಚಿಯಾಯಿತು, ಅವನು ಹೊಗಳಿದ್ದನ್ನು ಅತ್ತೆ ನಂಬಿದರು. ನಾನು ಬಂದು ಹೇಳಿದ್ದನ್ನೆಲ್ಲ ಅವನು ತನ್ನ ಕಥೆ ಮಾಡಿ ಅಮ್ಮನಿಗೆ ಬಡಿಸುತ್ತಿದ್ದ. "ಇವತ್ತು ಒಲೆ ಕೆಟ್ಟು ಜೀವ ಹೋಯ್ತಮ್ಮ!" ಅತ್ತೆ, "ಅಯ್ಯೋ ನನ್ನ ಕಂದ" ಎಂದು ಲೊಚಗುಟ್ಟಿ, ನನ್ನ ಕಡೆ ತಿರುಗಿ, "ಅವನ ಕಾಲಿಗೆ ಒಂದಿಷ್ಟು ಬಿಸಿನೀರು ಕಾಯಿಸಿ ಕೊಡಮ್ಮ, ನೀನು ಹೇಗೂ ಮನೇಲೇ ಇರ್ತೀಯ" ಎನ್ನುತ್ತಿದ್ದರು. ನಾನು ಬೇಕರಿಯ ಅಂಗಿ ಕಾಣದ ಹಾಗೆ ಶಾಲು ಹೊದ್ದು ಕೂತಿರುತ್ತಿದ್ದೆ. ಕಾಲು ನನ್ನದು ಜುಮುಗುಡುತ್ತಿತ್ತು, ಬಿಸಿನೀರು ಅವನಿಗಂತೆ.

ಒಂದು ಸಲ ಟ್ರೇ ತಗುಲಿ ನನ್ನ ಮುಂಗೈ ಉದ್ದಕ್ಕೆ ಸುಟ್ಟಿತು. ಅತ್ತೆಯ ಕಣ್ಣಿಗೆ ಬಿತ್ತು.

"ಒಲೆ ಮುಂದೆ ನಿಲ್ಲೋಕೆ ಇನ್ನೂ ಬರಲ್ವೇನೆ ನಿಂಗೆ?"

ನನ್ನ ಗಂಡ ನಕ್ಕ. ಕಿಸಕ್ಕನೆ ನಕ್ಕು, "ಕೈ ಸುಟ್ಕೊಂಡೇ ಕಲೀಲಿ ಬಿಡಮ್ಮ" ಎಂದ. ಸುಟ್ಟ ಗಾಯಕ್ಕಿಂತ ಆ ನಗು ಉರಿಯಿತು.

ಹೋದ ವಾರ ನಾನು ಮನೆಗೆ ಬಂದಾಗ ಅವನು ಮುಖ ಕೊಟ್ಟು ಮಾತಾಡಲಿಲ್ಲ. ಅನ್ನದ ಮೇಲೆ ತುಪ್ಪ ಮಾತ್ರ ಧಾರಾಳವಾಗಿ ಬಿತ್ತು. ಏನೋ ಎಡವಟ್ಟಾಗಿದೆ ಅಂದುಕೊಂಡೆ.

"ತಂಗಿಗೆ ದಿನ ತುಂಬ್ತಾ ಬಂತು. ಅಮ್ಮನಿಗೆ ಮಂಡಿ ನೋವು. ಬಾಣಂತನಕ್ಕೆ ನಿನ್ನ ಕಳಿಸು ಅಂದ್ರು."

"ನೀವೇನಂದ್ರಿ?"

"ಹೂಂ ಅಂದೆ."

"ಏನು?"

"ಇನ್ನೇನು ಹೇಳ್ಲಿ? ಮನೇಲೇ ಇರ್ತಾಳೆ ಅಂತ ನಾನೇ ಹೇಳಿದೀನಲ್ಲ."

ಬೇಕರಿಯಲ್ಲಿ ತಿಂಗಳುಗಟ್ಟಲೆ ರಜೆ ಕೇಳಿದರೆ ಮಾರನೆಯ ದಿನವೇ ನನ್ನ ಏಪ್ರನ್ನು ಬೇರೆಯವಳ ಸೊಂಟದಲ್ಲಿರುತ್ತದೆ. ಕೆಲಸ ಹೋದರೆ ಈ ಕೋಣೆಯೂ ಹೋಗುತ್ತದೆ. ಅದು ಅವನಿಗೂ ಗೊತ್ತು. ಗೊತ್ತಿದ್ದೂ ಹೂಂ ಅಂದಿದ್ದಾನೆ!

ಸಿಟ್ಟು ನೆತ್ತಿಗೇರಿದರೆ ನನ್ನ ಬಾಯಿಂದ 'ರೀ' ಬಿದ್ದುಹೋಗುತ್ತದೆ. "ನಿನ್ನ ಮರ್ಯಾದೆ ಉಳಿಸೋಕೆ ನನ್ನ ಕೆಲಸ ಬಲಿ ಕೊಡ್ತೀಯಾ? ನನ್ನ ಪರವಾಗಿ ಹೂಂ ಅನ್ನೋಕೆ ನೀನ್ಯಾರೋ?"

ಪಕ್ಕದ ಮನೆಯವರು ಗೋಡೆ ಬಡಿದರು.

"ಮೆಲ್ಲಗೆ ಮಾತಾಡೇ."

"ಬಡ್ಕೊಳ್ಳಲಿ! ಅವರಿಗೇನು ಕನ್ನಡ ಬರುತ್ತಾ?"

ಮಾರನೆಯ ದಿನ ನನಗೆ ಮಧ್ಯಾಹ್ನದ ಪಾಳಿ. ಅಂಗಿ ತೊಟ್ಟು ಹೊರಡುವ ಹೊತ್ತಿಗೆ ಸರಿಯಾಗಿ ಅತ್ತೆಯ ಫೋನು. ಒಲೆಯ ಮುಂದಿದ್ದ ಅವನು ಓಡಿಬಂದು ಶಾಲು ಎಸೆದ. ನಾನು ಅದನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿ ಫೋನೆತ್ತಿದೆ.

"ಬಟ್ಟೆ ಜೋಡಿಸ್ಕೊಂಡ್ಯೇನಮ್ಮ? ಬಾಣಂತಿಗೆ ನಿನ್ನ ಕೈ ಮೆಣಸಿನ ಸಾರೇ ಆಗ್ಬೇಕು. ಮೆಣಸು ಎಷ್ಟು ಹಾಕ್ತೀಯ, ಹೇಳು?"

ನನಗೇನು ಗೊತ್ತು ನನ್ನ ತಲೆ! ಫೋನಿನ ಹಿಂದೆ ನಿಂತು ಗಂಡ ಬೆರಳು ತೋರಿಸುತ್ತಿದ್ದ, ಪರೀಕ್ಷೆಯಲ್ಲಿ ಕಾಪಿ ಹೊಡೆಸುವವರ ಹಾಗೆ. ನಾನು ಫೋನನ್ನು ಅವನ ಕಡೆ ತಿರುಗಿಸಿಬಿಟ್ಟೆ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಎತ್ತಿದ ಬೆರಳು, ಹೆಗಲ ಮೇಲೆ ಮಸಿಬಟ್ಟೆ.

"ಮಾಡೋರನ್ನೇ ಕೇಳಿ ಅತ್ತೆ. ಆ ಸಾರು ಇವರದ್ದು, ಬೇಕರಿ ನಂದು. ನನ್ನ ಕೈ ಸುಟ್ಟಿದ್ದು ಅಲ್ಲಿ. ಬಾಣಂತನಕ್ಕೆ ಬಿಡುವಾಗಿರೋರು, ರುಚಿಯಾಗಿ ಅಡುಗೆ ಮಾಡೋರು ತಾನೇ ಬೇಕು? ನಿಮ್ಮ ಮಗನ್ನೇ ಕಳಿಸ್ತೀನಿ."

"ಗಂಡಸು ಬಾಣಂತನ ಮಾಡ್ತಾನೇನೆ? ಲೋ, ಏನೋ ಇದು ಇವಳ ತಮಾಷೆ?"

ಅವನು ನನ್ನನ್ನು ನೋಡಿದ. ಹೂಂ ಅನ್ನು, ತಮಾಷೆ ಅನ್ನು ಎಂದು ಕಣ್ಣಲ್ಲೇ ಬೇಡುತ್ತಿದ್ದ. ನಾನು ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, "ಈಗ ನೀನೇ ಹೇಳು" ಎಂದು ಶೂ ಹಾಕಿಕೊಂಡು ಹೊರಗೆ ಬಂದೆ. ಆದರೆ ಮೆಟ್ಟಿಲಿಳಿಯಲಿಲ್ಲ. ಬಾಗಿಲ ಹಿಂದೆಯೇ ನಿಂತೆ. ಇವತ್ತೂ ಜಾರಿಕೊಂಡರೆ ಒಳಗೆ ಹೋಗಿ ಅವನ ಬಟ್ಟೆಯನ್ನು ನಾನೇ ಜೋಡಿಸುವವಳಿದ್ದೆ.

 ಒಳಗೆ ಅವನು ಸೌಟು ಕೆಳಗಿಟ್ಟ ಸದ್ದಾಯಿತು.

"ತಮಾಷೆ ಅಲ್ಲಮ್ಮ" ಎಂದ ಕೊನೆಗೆ. "ನಂಗೆ ಕೆಲಸ ಇಲ್ಲ. ಬೇಕರಿಗೆ ಹೋಗೋಳು ಅವಳು. ಅವಳು ಬರೋಕಾಗಲ್ಲ."

ನಾನು ಒಂದು ಮೆಟ್ಟಿಲು ಇಳಿದೆ. ಅಷ್ಟರಲ್ಲಿ ಅತ್ತೆಯ ದನಿ ಮೆಟ್ಟಿಲವರೆಗೂ ಕೇಳಿಸಿತು.

"ಅಯ್ಯೋ ನನ್ನ ಕಂದ! ಹಾಗಾದ್ರೆ ದಿನಾ ಅಡುಗೆ ನಿನ್ನ ಕೈಲಿ ಮಾಡಿಸ್ತಾಳಾ ಅವಳು?"

ನಾನು ದಡದಡ ಇಳಿದು ಬಸ್ಸಿಗೆ ಓಡಿದೆ. ಅವತ್ತು ನಾದಿದ ಹಾಗೆ ಹಿಟ್ಟನ್ನು ನಾನು ಎಂದೂ ನಾದಿರಲಿಲ್ಲ.