ಭಾವ ಕಟ್ಟಿಕೊಟ್ಟ ಕಂಪ್ಯೂಟರ್

"ಇಲ್ಲ ಪುಟ್ಟಿ, ಇದು ಸತ್ತೇ ಹೋಗಿದೆ," ಎಂದರು ಭಾವ ಒಳಗಿನಿಂದ. ಬೆಳಗಿನಿಂದ ಇದೇ ಮಾತನ್ನು ಬೇರೆ ಬೇರೆ ರಾಗದಲ್ಲಿ ಹೇಳುತ್ತಲೇ ಇದ್ದರು. ಆದರೆ ಈ ಸಲದ ರಾಗದಲ್ಲಿ ಹಟ ಇರಲಿಲ್ಲ.

ನಾನು ನಡುಮನೆಯ ಕುರ್ಚಿಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದಕ್ಕಿಂತ ಕೂರಿಸಿದ್ದರು ಅನ್ನಬೇಕು. ನನ್ನ ಕೋಣೆಯ ನೆಲದ ತುಂಬ ವೈರು, ಸ್ಕ್ರೂ, ಬಿಚ್ಚಿಟ್ಟ ತಗಡು. ನಾನು ಎಲ್ಲಿ ತುಳಿದೇನೋ ಎಂದು ಅಕ್ಕನೂ ಭಾವನೂ ಸೇರಿ ನನ್ನ ಕೋಣೆಯಿಂದ ನನ್ನನ್ನೇ ಹೊರಗೆ ಹಾಕಿದ್ದರು. ನನಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ತಡವಾಗಿ ಹೇಳಿದರೆ ಜನ ಅಯ್ಯೋ ಪಾಪ ಎಂದು ಕಥೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿಸುತ್ತಾರೆ.

ನಾನು ಮಾಡುವುದು ಧ್ವನಿಯ ಕೆಲಸ. ಯಾರೋ ಸ್ಟುಡಿಯೋದಲ್ಲಿ ಕೂತು ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾರೆ. ಅವರು ತಡವರಿಸಿದ ಮಾತು, ನುಂಗಿದ ಉಗುಳು, ಪುಟ ತಿರುವಿದ ಸರಪರ ಸದ್ದು, ಎಲ್ಲವನ್ನೂ ಕತ್ತರಿಸಿ ನಯಮಾಡಿ ಕೇಳುವ ಪುಸ್ತಕವಾಗಿಸಿ ಕೊಡಬೇಕು. ಆ ಕತ್ತರಿಯ ಪ್ರೋಗ್ರಾಂ ಒಂದೇ ಒಂದು ಕಂಪನಿಯ ಕಂಪ್ಯೂಟರಿನಲ್ಲಿ ಓಡುತ್ತದೆ. ಅದೇ ಕಂಪ್ಯೂಟರಿನೊಳಗೆ ನನಗೆ ಎಲ್ಲವನ್ನೂ ಓದಿ ಹೇಳುವ ಹೆಂಗಸೊಬ್ಬಳಿದ್ದಾಳೆ. ಮೂಗಿನಲ್ಲಿ ಮಾತಾಡುವ, ಎಷ್ಟು ಸಲ ಕೇಳಿದರೂ ಬೇಸರಪಡದ ಯಂತ್ರದ ಧ್ವನಿ. ಅವಳೂ ಆ ಪ್ರೋಗ್ರಾಮೂ ಸೇರಿದರೆ ನಾನು ಯಾರಿಗೂ ಕಡಿಮೆಯಿಲ್ಲ. ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೆ ನಾನು ನಡುಮನೆಯ ಕುರ್ಚಿ.

ಹೋದ ವಾರ ಕರೆಂಟು ಏರುಪೇರಾಗಿ ನನ್ನ ಹಳೆಯ ಯಂತ್ರ ಸುಟ್ಟುಹೋಯಿತು. ಅದೇ ಕಂಪನಿಯ ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಆಗ ಎದೆ ತಟ್ಟಿಕೊಂಡು ಮುಂದೆ ಬಂದವರು ನಮ್ಮ ಭಾವ. ಅವರು ಟಿವಿ ರಿಪೇರಿಯವರು. ಟಿವಿ ಕೆಟ್ಟರೆ ಜನ ಈಗ ಎಸೆದು ಹೊಸದು ತರುತ್ತಾರೆ, ಹಾಗಾಗಿ ಅವರ ಕೈಗೆ ಕೆಲಸ ಕಮ್ಮಿ, ಹುಮ್ಮಸ್ಸು ಜಾಸ್ತಿ. "ಒಳಗಿರೋದೆಲ್ಲ ಅದೇ ಬೋರ್ಡು, ಅದೇ ಚಿಪ್ಪು. ಬಿಡಿಭಾಗ ತಂದು ನಾನೇ ಕಟ್ಟಿಕೊಡ್ತೀನಿ. ಅದೇ ಸಿಸ್ಟಮ್ ಹಾಕಿಕೊಡ್ತೀನಿ," ಎಂದರು. ಆ ಸಿಸ್ಟಮ್ಮನ್ನು ತಮ್ಮ ಪೆಟ್ಟಿಗೆ ಬಿಟ್ಟು ಬೇರೆ ಪೆಟ್ಟಿಗೆಗೆ ಹಾಕಿದರೆ ನಮ್ಮನ್ನು ಏನೂ ಕೇಳಬೇಡಿ ಎಂದು ಕಂಪನಿ ಹೇಳುತ್ತದಂತೆ. "ಕೇಳೋದೇ ಇಲ್ಲ ಬಿಡು, ಅವರೇನು ನಮ್ಮ ಬೀಗರಾ?" ಎಂದರು.

ನಾನು ಮೈಯೆಲ್ಲ ಕಿವಿಯಾಗಿ ಕೂತದ್ದಕ್ಕೆ ಕಾರಣವಿತ್ತು. ಅಲ್ಲಿಯವರೆಗೆ ನನಗೆ ಸಿಗುತ್ತಿದ್ದದ್ದು ಚಿಲ್ಲರೆ ಕೆಲಸ. ಲಿಫ್ಟಿನಲ್ಲಿ "ಬಾಗಿಲು ಮುಚ್ಚುತ್ತಿದೆ" ಎನ್ನುವ ಹೆಂಗಸಿನ ಗಂಟಲು ಸರಿಮಾಡಿದವಳು ನಾನೇ. ಮೊದಲ ಸಲ ಒಂದು ಇಡೀ ಪುಸ್ತಕ ಬಂದಿತ್ತು. ಸ್ಟುಡಿಯೋ ಮೇಡಂ ತಮ್ಮ ಪಾಲುದಾರರ ಜೊತೆ ಜಗಳವಾಡಿ ಕೊಡಿಸಿದ್ದರು. ಇವತ್ತು ಸಂಜೆ ಅವರ ಕಡೆಯವನು ಬಂದು, ರೆಕಾರ್ಡಿಂಗ್ ಎಲ್ಲ ಇರುವ ಬಿಡಿ ಡಿಸ್ಕನ್ನು ಒಯ್ಯಬೇಕು. ಕೊನೆಯ ಅಧ್ಯಾಯ ಒಂದು ಬಾಕಿ. ಇದು ತಪ್ಪಿದರೆ ಎರಡನೆಯ ಪುಸ್ತಕ ಅನ್ನುವುದು ನನ್ನ ಪಾಲಿಗೆ ಇರುವುದಿಲ್ಲ.

ನಿನ್ನೆ ಸಂಜೆ ಇನ್‌ಸ್ಟಾಲ್ ಶುರುವಾದಾಗ ಮನೆಯಲ್ಲಿ ಸಂಭ್ರಮ. "ಗೆರೆ ಅರ್ಧ ತುಂಬಿತು, ಮುಕ್ಕಾಲು, ಆಯ್ತು ನೋಡು ಪೂರ್ತಿ!" ಎಂದು ಭಾವ ಕಾಮೆಂಟರಿ ಕೊಟ್ಟರು. ಪೆಟ್ಟಿಗೆ ತಾನಾಗಿ ಆರಿ ಮತ್ತೆ ಹೊತ್ತಿಕೊಂಡಿತು. ಕಂಪನಿಯ ಗುರುತು ಮೂಡಿತಂತೆ. ಆಮೇಲೆ ಪರದೆ ಕಪ್ಪಾಯಿತಂತೆ. ಮತ್ತೆ ಜಪ್ಪಯ್ಯ ಅಂದರೂ ಬರಲಿಲ್ಲ.

ಇವತ್ತು ಬೆಳಗಿನಿಂದ ಭಾವ ಕೇಬಲ್ ಬದಲಿಸಿದರು. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಕಿತ್ತು, ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿದರು. ಅಂಗಡಿಯಿಂದ ಬೇರೆ ಪರದೆ ಹೊತ್ತು ತಂದರು. ತಮ್ಮ ಪುಟ್ಟ ಸ್ಪೀಕರನ್ನು ಪೆಟ್ಟಿಗೆಯ ಬೆನ್ನಿಗೆ ಚುಚ್ಚಿ ನೋಡಿದರು, ಅದೂ ಉಸಿರೆತ್ತಲಿಲ್ಲ. "ಚಿತ್ರವೂ ಇಲ್ಲ, ಶಬ್ದವೂ ಇಲ್ಲ. ನಮ್ಮ ಕಸುಬಲ್ಲಿ ಇದಕ್ಕೆ ಹೆಣ ಅಂತೀವಿ," ಎಂದರು. ಇಂಥ ಅಡ್ಡದಾರಿ ಹಿಡಿದವರೆಲ್ಲ ಸೇರಿ ಗೋಳು ತೋಡಿಕೊಳ್ಳುವ ಜಾಗವೊಂದು ಇಂಟರ್ನೆಟ್ಟಿನಲ್ಲಿದೆ. ಅಲ್ಲಿ ಒಬ್ಬ ಹೇಳಿದ, ಆ ಸೆಟ್ಟಿಂಗ್ ಬದಲಿಸು. ಇನ್ನೊಬ್ಬ ಹೇಳಿದ, ಬದಲಿಸಿದ್ದನ್ನು ವಾಪಸ್ ಹಾಕು. ಮತ್ತೊಬ್ಬ, ಆ ಕಾರ್ಡನ್ನು ಎತ್ತಿ ಎಸಿ ಎಂದ. ನಮ್ಮದೇ ಬೋರ್ಡು, ನಮ್ಮದೇ ಕಾರ್ಡು ಇದ್ದವನೊಬ್ಬ ಸಿಕ್ಕಾಗ ಭಾವ ಕುಣಿದುಬಿಟ್ಟರು. ಅವನು ಕೊನೆಯಲ್ಲಿ ಬರೆದದ್ದು ಇಷ್ಟೇ: "ಸರಿಹೋಯ್ತು, ಎಲ್ಲರಿಗೂ ಥ್ಯಾಂಕ್ಸ್."

"ಹೇಗೆ ಸರಿಹೋಯ್ತು ಅಂತ ಬರೆಯೋಕೆ ಏನು ರೋಗ ಅವನಿಗೆ!" ಎಂದು ಭಾವ ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು.

ಪ್ರತಿಸಲವೂ ಕೊನೆಗೆ ಅದೇ. ಪೆಟ್ಟಿಗೆ ಆರುವವರೆಗೆ ಸ್ವಿಚ್ಚನ್ನು ಒತ್ತಿ ಹಿಡಿಯುತ್ತಿದ್ದರು, ಅದರ ಫ್ಯಾನು ಸೊರಗಿ ನಿಲ್ಲುತ್ತಿತ್ತು, ಭಾವ ನಿಟ್ಟುಸಿರು ಬಿಡುತ್ತಿದ್ದರು, ಮತ್ತೆ ಶುರು. ಅಕ್ಕ ತಂದಿಟ್ಟ ಟೀ ನನ್ನ ಪಕ್ಕದಲ್ಲಿ ಆರಿ ತಣ್ಣಗಾಗುತ್ತಿತ್ತು. "ಏನಾದ್ರೂ ತಿನ್ನೇ, ಹೊಟ್ಟೆಗೆ ಯಾಕೆ ಶಿಕ್ಷೆ ಕೊಡ್ತೀಯ?" ಎಂದಳು. ನಾನು ಲೋಟವನ್ನು ಇನ್ನಷ್ಟು ಪಕ್ಕಕ್ಕೆ ತಳ್ಳಿದೆ.

ಕಿಟಕಿಯ ಬಿಸಿಲು ನನ್ನ ಮೊಣಕಾಲಿನಿಂದ ಜಾರಿ ಪಾದಕ್ಕೆ ಬಂದಿತ್ತು. ಭಾವನ ದನಿಯಲ್ಲಿ ಹಟ ಸತ್ತದ್ದು ಆಗಲೇ. ನಾನು ಫೋನ್ ಎತ್ತಿಕೊಂಡು ಮೇಡಮ್ಮಿಗೆ ಮಾಡಿದೆ.

"ಮೇಡಂ, ನನ್ನಿಂದ ಆಗಲ್ಲ. ಕಂಪ್ಯೂಟರ್ ಎದ್ದೇಳ್ತಾ ಇಲ್ಲ. ಇರೋ ಹಾಗೇ ಡಿಸ್ಕ್ ಕೊಟ್ಟು ಕಳಿಸ್ತೀನಿ, ಬೇರೆಯವರ ಕೈಲಿ ಮುಗಿಸಿ."

"ಅಯ್ಯೋ, ಅದಕ್ಯಾಕೆ ಅಷ್ಟು ಬೇಜಾರು ಮಾಡ್ಕೋತೀರಿ?" ಎಂದರು ಮೇಡಂ, ಬೆಣ್ಣೆಯಂಥ ದನಿಯಲ್ಲಿ. "ನೀವು ಇಷ್ಟು ಮಾಡಿದ್ದೇ ದೊಡ್ಡದು. ಆರಾಮಾಗಿರಿ. ನಾನು ಬೇರೆಯವರಿಗೆ ಹೇಳ್ತೀನಿ."

ಕಣ್ಣಿರುವವಳಾಗಿದ್ದರೆ ಬೈದು ಕೆಲಸ ಕಿತ್ತುಕೊಳ್ಳುತ್ತಿದ್ದರು. ನನಗೆ ಸಮಾಧಾನ ಹೇಳಿ ಕಿತ್ತುಕೊಂಡರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ಬಿಟ್ಟು ಅತ್ತೆ. ಚಿಕ್ಕ ಮಗುವಿನ ಹಾಗೆ, ಬಾಯಿಗೆ ಟವಲ್ ಒತ್ತಿಕೊಂಡು. ಇನ್ನು ಉಳಿದ ಜನ್ಮವೆಲ್ಲ ಲಿಫ್ಟಿನ ಬಾಗಿಲು ಮುಚ್ಚಿಸುತ್ತಾ ಕೂರಬೇಕು ಅನ್ನಿಸಿತು. ಅಕ್ಕ ಬಾಗಿಲ ಆಚೆ ನಿಂತಿದ್ದು ಗೊತ್ತಾಗುತ್ತಿತ್ತು, ಆದರೆ ಬಾಗಿಲು ತಟ್ಟಲಿಲ್ಲ.

ಮುಖ ತೊಳೆದುಕೊಂಡು ಡಿಸ್ಕ್ ತರಲು ನನ್ನ ಕೋಣೆಗೆ ನುಗ್ಗಿದೆ. "ಇರು ಇರು, ಸ್ಕ್ರೂ ಇದೆ!" ಎಂದರು ಭಾವ. ಚುಚ್ಚಲಿ ಎಂದು ಕಾಲೆಳೆದುಕೊಂಡೇ ಹೋದೆ. ಎಲ್ಲ ಸರಿಹೋಗುತ್ತದೆಂಬ ನಂಬಿಕೆಯಲ್ಲಿ ಭಾವ ಬೆಳಿಗ್ಗೆಯೇ ನನ್ನ ಡಿಸ್ಕನ್ನು ಪೆಟ್ಟಿಗೆಗೆ ಸಿಕ್ಕಿಸಿ ಇಟ್ಟಿದ್ದರು. ಈಗ ಕೊನೆಯ ಸಲ ಎಂದು ಸ್ವಿಚ್ ಒತ್ತಿ, ಕೈಚೆಲ್ಲಿ ಕೂತಿದ್ದರು. ನಾನು ಮೇಜು ತಡವಿ ಡಿಸ್ಕನ್ನು ಅಂಗೈಗೆ ತೆಗೆದುಕೊಂಡೆ. ಕೇಬಲ್ ಕೀಳಬೇಕು ಎನ್ನುವಷ್ಟರಲ್ಲಿ ಕೈ ನಿಂತಿತು.

"ಭಾವ, ಇದು ಓದ್ತಾ ಇದೆ."

"ಕರೆಂಟ್ ಸಿಕ್ಕರೆ ಡಿಸ್ಕ್ ತಿರುಗತ್ತೆ ಪುಟ್ಟಿ. ಅದಕ್ಕೇನೂ ಅರ್ಥ ಇಲ್ಲ."

"ತಿರುಗೋದು ಬೇರೆ, ಓದೋದು ಬೇರೆ. ಬರೀ ತಿರುಗಿದ್ರೆ ಗುಯ್ ಅಂತ ಒಂದೇ ಸಮ ಇರತ್ತೆ. ಇದು ಕಿಟಿಕಿಟಿ ಅಂತಿದೆ. ಇದರೊಳಗೆ ಏನೇನಿದೆ ಅಂತ ಯಾರೋ ಹುಡುಕ್ತಾ ಇದ್ದಾರೆ."

"ಯಾರು ಹುಡುಕ್ತಾರೆ? ಪರದೆ ಕಪ್ಪಗಿದೆ ಕಣಮ್ಮ!"

"ನನಗೆ ಯಾವತ್ತು ಬೆಳ್ಳಗಿತ್ತು ಭಾವ?"

ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಆಡಿದ ಮೇಲೆ ಅದು ನನಗೇ ಕೇಳಿಸಿತು.

ಮೇಜಿನ ಡ್ರಾಯರಿನಲ್ಲಿ ನನ್ನ ಕೆಲಸದ ಹೆಡ್‌ಫೋನ್ ಇತ್ತು. ಅದು ಯುಎಸ್‌ಬಿಯದು. ಶಬ್ದಕ್ಕೆ ಬೇಕಾದ ಚಿಪ್ಪನ್ನು ತನ್ನೊಳಗೇ ಇಟ್ಟುಕೊಂಡದ್ದು, ಸ್ಪೀಕರಿನಂತೆ ಪೆಟ್ಟಿಗೆಯ ಹಂಗಿನಲ್ಲಿಲ್ಲ. ಯಾರೂ ಅದನ್ನು ಕೇಳಿರಲಿಲ್ಲ, ನಾನೂ ಕೊಟ್ಟಿರಲಿಲ್ಲ. ತಡಕಾಡಿ ಚುಚ್ಚಿದೆ. ಕಿವಿಗೆ ಹಾಕಿಕೊಂಡು, ಆ ಹೆಂಗಸನ್ನು ಕರೆಯುವ ಕೀಬೋರ್ಡಿನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದೆ. ಏನೂ ಇಲ್ಲ. ಉಸಿರು ಬಿಗಿಹಿಡಿದು ಇನ್ನೊಮ್ಮೆ ಒತ್ತಿದೆ.

"ಸ್ವಾಗತ," ಎಂದಳು ಅವಳು, ಅದೇ ಮೂಗಿನ ದನಿಯಲ್ಲಿ. "ನಿಮ್ಮ ಭಾಷೆ ಯಾವುದು?"

ನಾನು ಮೇಜಿಗೆ ಹಣೆ ಒತ್ತಿ ಕೂತುಬಿಟ್ಟೆ. ಭಾವ ನನ್ನ ಹೆಗಲು ಅಲ್ಲಾಡಿಸಿ, "ಏನಾಯ್ತು, ಏನಾಯ್ತು?" ಎನ್ನುತ್ತಿದ್ದರು. "ಮಾತಾಡ್ತಿದ್ದಾಳೆ" ಎಂದೆ. ನಿನ್ನೆ ಸಂಜೆಯಿಂದ ಅವಳು ಕಾದು ಕೂತಿದ್ದಾಳೆ, ನಾವು ಮತ್ತೆ ಮತ್ತೆ ಅವಳ ಕತ್ತು ಹಿಸುಕುತ್ತಿದ್ದೇವೆ. ಇದನ್ನು ಹೇಳಲು ತಲೆಯೆತ್ತಿದೆ.

ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು. ಡಿಸ್ಕ್ ಒಯ್ಯಲು ಸ್ಟುಡಿಯೋದವನು ಬಂದಿದ್ದ.

"ಅವನನ್ನ ಕೂರಿಸು, ಹೋಗೋಕೆ ಬಿಡಬೇಡ!" ಎಂದು ಅಕ್ಕನಿಗೆ ಕೂಗಿ ಮೇಡಮ್ಮಿಗೆ ಫೋನ್ ಮಾಡಿದೆ. "ಮೇಡಂ, ಆಗಲ್ಲ ಅಂದೆನಲ್ಲ, ಆಗತ್ತೆ. ಇವತ್ತೇ ಆಗತ್ತೆ."

"ಬೇರೆಯವರಿಗೆ ಹೇಳಿಯಾಯ್ತಲ್ಲ, ಪಾಪ ನಿಮಗೂ..."

"ಅವರ ಕೈಗೆ ಇನ್ನೂ ಏನೂ ಸಿಕ್ಕಿಲ್ಲ ಮೇಡಂ. ಡಿಸ್ಕ್ ನನ್ನ ಹತ್ರ ಇದೆ. ಕೊಡಲ್ಲ."

ಈ ಸಲ ಬಂದ ದನಿಯಲ್ಲಿ ಬೆಣ್ಣೆ ಇರಲಿಲ್ಲ. "ಇದೇನು ಆಟಾನಾ? ಅವನಿಗೆ ಇನ್ನೂ ಎರಡು ಕಡೆ ಹೋಗೋದಿದೆ. ವಾಪಸ್ ಬರೋ ಹೊತ್ತಿಗೆ ಮುಗಿದಿರಬೇಕು. ಮುಗೀದಿದ್ರೆ ಇನ್ಮೇಲೆ ನನಗೆ ಫೋನ್ ಮಾಡಬೇಡಿ." ಇದು ಬೈಗುಳ. ಕೇಳಿ ನನಗೆ ಜೀವ ಬಂದಂತಾಯಿತು.

ಮುಂದಿನದೆಲ್ಲ ಪ್ರಾಣ ಕೈಯಲ್ಲಿ ಹಿಡಿದು ಮಾಡಿದ ಕೆಲಸ. ಭಾಷೆ ಹೇಳಿದೆ, ಹೆಸರು ಹೇಳಿದೆ, ಡಿಸ್ಕಿನಲ್ಲಿದ್ದ ಪ್ರೋಗ್ರಾಮನ್ನು ಪೆಟ್ಟಿಗೆಗೆ ಹಾಕಿದೆ. ಭಾವನಿಗೆ ಏನೂ ಕಾಣುತ್ತಿಲ್ಲ, ಏನೂ ಕೇಳುತ್ತಿಲ್ಲ. "ಈಗ ಏನಂತಿದೆ? ಈಗ?" ಎಂದು ಜೀವ ತಿಂದರು. "ಸುಮ್ಮನೆ ಕೂರಿ ಭಾವ, ವೈರ್ ತುಳೀಬೇಡಿ," ಎಂದೆ. ಹೇಳುವಾಗ ಸ್ವಲ್ಪ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಪ್ಲಗ್ ಸಡಿಲವಾಗಿದೆ ಎಂದು ಅವರು ಅದನ್ನು ಗೋಡೆಗೆ ಒತ್ತಿ ಹಿಡಿದು ನೆಲದ ಮೇಲೆ ಕೂತರು. ಕೈ ನೋಯುತ್ತಿದ್ದರೂ ಬಿಡಲಿಲ್ಲ.

ಕೊನೆಯ ಅಧ್ಯಾಯ ಓದಿದ ಹಿರಿಯ ನಟನಿಗೆ ಅವತ್ತು ಕೆಮ್ಮಿತ್ತು. ವಾಕ್ಯ ವಾಕ್ಯಕ್ಕೂ ಗಂಟಲು ಕೆರೆತ. ಒಂದನ್ನು ಕತ್ತರಿಸುವುದು, ಸೇವ್ ಮಾಡುವುದು, ಇನ್ನೊಂದನ್ನು ಕತ್ತರಿಸುವುದು, ಸೇವ್ ಮಾಡುವುದು. ಈ ಪೆಟ್ಟಿಗೆ ಯಾವ ಗಳಿಗೆಯಲ್ಲಿ ನಿಜವಾಗಿ ಸಾಯುತ್ತದೋ ಹೇಳುವವರು ಯಾರೂ ಇಲ್ಲ. ಅಡುಗೆಮನೆಯಲ್ಲಿ ಅಕ್ಕ ಮಿಕ್ಸಿ ಹಾಕಿದಳು. ಫ್ಯಾನಿನ ಸದ್ದು ಒಂದು ಕ್ಷಣ ಕುಗ್ಗಿತು, ಹೆಡ್‌ಫೋನಿನಲ್ಲಿ ಯಂತ್ರದ ಹೆಂಗಸಿನ ಮಾತು ಅರ್ಧಕ್ಕೆ ನಿಂತಿತು. "ಆಫ್ ಮಾಡೇ!" ಎಂದು ಭಾವ ಕಿರುಚಿದರು. ನಾನು ಕಲ್ಲಾಗಿ ಕೂತೆ. ಯಂತ್ರದ ಹೆಂಗಸು ನಿಂತಲ್ಲಿಂದ ಮುಂದುವರಿಸಿದಳು.

ಗಂಟೆ ಮತ್ತೆ ಬಾರಿಸಿದಾಗ ನಾನು ಕೊನೆಯ ಪುಟದಲ್ಲಿದ್ದೆ. ಅಕ್ಕ ಅವನಿಗೆ ಒಂದು ಲೋಟ ಟೀ ಕುಡಿಸಿದಳು, ಅದು ಸಾಲದೆಂದು ಇನ್ನೊಂದು. ಕೊನೆಯ ಕೆಮ್ಮು ತೆಗೆದು, ಎಲ್ಲವನ್ನೂ ಡಿಸ್ಕಿಗೆ ಇಳಿಸಿ, ಕೇಬಲ್ ಬಿಡಿಸಿ, ನಾನೇ ನಡೆದು ಹೋಗಿ ಅವನ ಕೈಗೆ ಕೊಟ್ಟೆ. "ಮುಗಿದಿದೆ ಅಂತ ಮೇಡಮ್ಮಿಗೆ ಹೇಳಿ," ಎಂದೆ. ಗೇಟು ಮುಚ್ಚಿಕೊಂಡಿತು. ನಾನು ಕೋಣೆಗೆ ವಾಪಸ್ ಬಂದೆ.

ಭಾವ ಇನ್ನೂ ಪ್ಲಗ್ ಹಿಡಿದು ಕೂತಿದ್ದರು.

"ಪುಟ್ಟಿ, ಬೆಳಿಗ್ಗೆನೇ ಎದ್ದಿತ್ತಾ ಇದು?"

"ನಿನ್ನೇನೇ ಎದ್ದಿತ್ತು ಭಾವ."

"ಅಂದ್ರೆ ಪ್ರತಿಸಲ ನಾನೇ ಕೊಲ್ತಾ ಇದ್ದೆ." ಅವರ ದನಿ ಒಡೆಯಿತು.

ನನ್ನ ಸಿಟ್ಟು ಅವರ ಮೇಲಲ್ಲ. ಚಿತ್ರ ತರಿಸುವುದೇ ಅವರ ಜೀವಮಾನದ ಕಸುಬು, ಚಿತ್ರ ಬರದಿದ್ದರೆ ಅವರು ಹೆಣ ಅನ್ನದೆ ಇನ್ನೇನಂದಾರು? ಕಪ್ಪು ಅಂದರೆ ಹೇಗಿರುತ್ತದೆ ಎಂದು ನನಗೆ ಗೊತ್ತೇ ಇಲ್ಲ. ಹುಟ್ಟಿದಂದಿನಿಂದ ಪರದೆಯಿಲ್ಲದೆ ಬದುಕಿದವಳು ನಾನು. ಆದರೂ ಕಣ್ಣಿರುವವರೊಬ್ಬರು ಕಪ್ಪಗಿದೆ, ಸತ್ತಿದೆ ಅಂದ ಕೂಡಲೇ ನಂಬಿದೆ. ಕೋಣೆ ಬಿಟ್ಟುಕೊಟ್ಟೆ, ಕೆಲಸವನ್ನೂ ನನ್ನ ಬಾಯಿಂದಲೇ ಬಿಟ್ಟುಕೊಟ್ಟೆ. ಒಂದು ಸಲವಾದರೂ ಹೋಗಿ ಕೈಯಿಟ್ಟು ನೋಡಲಿಲ್ಲ. ಈ ಸಂಕಟವನ್ನು ಯಾರ ಮೇಲೆ ಹಾಕಲಿ?

"ನಾಳೆ ಬೇರೆ ಕಾರ್ಡ್ ಹುಡುಕಿ ತರ್ತೀನಿ," ಎಂದರು ಭಾವ, ಮೂಗೊರೆಸಿಕೊಂಡು. "ಪರದೆ ಬರಲೇಬೇಕಲ್ಲ. ಇಲ್ಲದಿದ್ರೆ, ಇದು ಮತ್ತೆ ಕೆಟ್ಟರೆ, ಏನಾಗಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ನನ್ನ ಕೇಳಿ ಭಾವ."

ಅವರು ಎದ್ದು ಬಂದು, ಪೆಟ್ಟಿಗೆಯ ಹಿಂದೆ ಕೈ ಹಾಕಿ, ಪರದೆಯ ಕೇಬಲ್ ಬಿಚ್ಚತೊಡಗಿದರು.