ಕೇತಮ್ಮನ ಹಲ್ಲು

"ಥೂ ನಿನ್ನ! ಬಾಯಿಗಾಕ್ಕಂಡ್ಳಲ್ಲೋ ಮುದಿ ಮುಂಡೆ! ಎಂಜ್ಲು ಮಾಡ್ಬುಟ್ಳಲ್ಲೋ!"

ಎಸ್ಟೇಟಿನ ಯಜಮಾನ ಪ್ರಭುಸ್ವಾಮಿ ಹೀಗೆ ಕೂಗುವಾಗ ನನ್ನ ಅವ್ವ ಕೇತಮ್ಮ ಕಾಫಿ ಬೀಜವೊಂದನ್ನು ದವಡೆಗಿಟ್ಟು ಕಚ್ಚಿದಳು. ಟಕ್ ಎಂದಿತು.

ಬೀಜ ಒಣಗಿದೆಯೋ ಇಲ್ಲವೋ ಎಂದು ನಮ್ಮ ಪೋಡಿನಲ್ಲಿ, ಅಂದರೆ ನಮ್ಮ ಹಟ್ಟಿಯಲ್ಲಿ, ನೋಡುವುದು ಹಲ್ಲಿನಿಂದ. ಮೆತ್ತಗೆ ನಜ್ಜಾದರೆ ಹಸಿ, ಟಕ್ ಎಂದರೆ ಹದ. ಬಿಳಿಗಿರಿ ಬೆಟ್ಟದಲ್ಲಿ ಕಾಫಿ ಬೆಳೆಯುವ ಸೋಲಿಗರೆಲ್ಲ ಕಚ್ಚುತ್ತಾರೆ, ಆದರೆ ಅವ್ವನ ಟಕ್ಕೇ ಬೇರೆ. ಅವಳ ಪ್ರಾಯದಲ್ಲಿ ಅದು ಕುಂತೂರಿನ ಸಕ್ಕರೆ ಕಾರ್ಖಾನೆಗೂ ಕೇಳಿ, ಪಾಳಿ ಮುಗಿಯಿತೆಂದು ಆಳುಗಳೆಲ್ಲ ಸೈಕಲ್ ಹತ್ತಿ ಮನೆಗೆ ಹೊರಟುಬಿಡುತ್ತಿದ್ದರು. ನಾನು ಸುಳ್ಳು ಹೇಳುವವನಲ್ಲ; ಬೇಕಾದರೆ ಆನೆಗಳನ್ನು ಕೇಳಿ, ನನ್ನ ಅಪ್ಪಣೆಯಿಲ್ಲದೆ ಅವು ನಮ್ಮ ತೋಟಕ್ಕೆ ಕಾಲಿಡುವುದಿಲ್ಲ. ಆಗ ಅವಳ ಬಾಯಲ್ಲಿ ಅರವತ್ತನಾಲ್ಕು ಹಲ್ಲಿದ್ದವು. ಈಗ ಕಚ್ಚಲು ಬರುವುದು ಒಂದೇ ಜೋಡಿ, ಮೇಲೊಂದು, ಕೆಳಗೊಂದು.

"ಒಣಗದೆ ಬುದ್ದಿ," ಎಂದಳು ಅವ್ವ.

ಪ್ರಭುಸ್ವಾಮಿ ತನ್ನ ತೇವದ ಮೀಟರನ್ನು ನಮ್ಮ ಬೀಜಕ್ಕೆ ಚುಚ್ಚಿದ. "ಅದಿನಾಕು ತೋರುಸ್ತಾದೆ. ಅಸಿ ಮಾಲು ಕೊಟ್ಟು ನಂಗೇ ಟೋಪಿ ಆಕ್ತೀರೇನ್ಲಾ ಕಾಡುನನ್ಮಕ್ಳಾ? ಇದ್ನ ನಾನು ಎತ್ತಲ್ಲ. ಕೋತಿಗಳ್ಗೆ ಸುರೀರಿ."

ಎತ್ತಲ್ಲ ಎಂದರೆ ಮುಗಿಯಿತು. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಅವನದು, ಬೆಟ್ಟ ಇಳಿಸುವ ಜೀಪು ಅವನದು. ಬೀಜ ಒಣಹಾಕುವ ಆ ಮಂಚದ ಮೇಲಿದ್ದದ್ದು ನಮ್ಮ ಇಡೀ ವರ್ಷ: ಕೆಂಪು ಹಣ್ಣನ್ನೇ ಆರಿಸಿ ಕೊಯ್ದು, ತೊಳೆದು, ಹದಿನೆಂಟು ದಿನ ಗಂಟೆಗೊಮ್ಮೆ ಕೈಯಾಡಿಸಿ ಒಣಗಿಸಿದ ಬೀಜ. ಆ ಹದಿನೆಂಟು ದಿನ ಅವ್ವ ಕಣ್ಣು ಮಿಟುಕಿಸಲಿಲ್ಲ.

ಅವನ ಜೊತೆ ಬೆಂಗಳೂರಿನಿಂದ ಇಬ್ಬರು ಬಂದಿದ್ದರು, ಕಾಫಿ ಅಂಗಡಿಯವರು. ಕನ್ನಡಕದ ಹೆಂಗಸು, ಗಡ್ಡದ ಗಂಡಸು. ಹೆಂಗಸು ಚೀಲದಿಂದ ತನ್ನದೇ ಮೀಟರ್ ತೆಗೆದು ನೋಡಿದಳು.

"ಹನ್ನೊಂದು! ಹನ್ನೆರಡರ ಒಳಗಿದ್ರೆ ಒಣಗಿದೆ ಅಂತಲೇ. ಅಜ್ಜಿನೇ ಕರೆಕ್ಟ್ ಸರ್. ನಿಮ್ಮ ಮೀಟರ್ ಸರಿ ಮಾಡಿಸ್ಕೊಳ್ಳಿ."

ಗಡ್ಡದವನು ನಕ್ಕ. ಪ್ರಭುಸ್ವಾಮಿಯೂ ನಕ್ಕ, ಕತ್ತಿನ ನರ ಮಾತ್ರ ನಗಲಿಲ್ಲ.

ಆಮೇಲೆ ರುಚಿ ನೋಡುವ ಶಾಸ್ತ್ರ. ಹಿಂದಿನ ವಾರ ಮಾದರಿಗೆಂದು ಒಯ್ದ ನಮ್ಮದೇ ಬೀಜವನ್ನು ಪ್ರಭುಸ್ವಾಮಿ ಹುರಿದು, ಪುಡಿ ಮಾಡಿ ತಂದಿದ್ದ. ಬಿಳೀ ಬಟ್ಟಲುಗಳಿಗೆ ಬಿಸಿನೀರು ಸುರಿದು, ಚಮಚದಿಂದ ಸೊರ್ರನೆ ಎಳೆದು, ಬಾಯೊಳಗೆ ಆಡಿಸಿ, ಡಬ್ಬಿಗೆ ಉಗಿಯುವುದು. ಡಬ್ಬಿ ಹಿಡಿಯಲು ನಾನು. ಆ ವಿದ್ಯೆಯಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವನಿಲ್ಲ.

"ಅಬ್ಬಾ! ಬೆಲ್ಲ... ಕಿತ್ತಳೆ ಸಿಪ್ಪೆ..." ಎನ್ನುತ್ತ ಹೆಂಗಸು ಉಗಿದಳು.

ಅವ್ವ ಹತ್ತಿರ ಬಂದಳು. ನಾವು ಕುಡಿಯುವುದು ತೊಳೆಯುವಾಗ ನೀರಿನ ಮೇಲೆ ತೇಲುವ ಜೊಳ್ಳು. ಮುಳುಗಿದ ಗಟ್ಟಿ ಬೀಜದ ರುಚಿ ಅವಳಿಗೆ ಗೊತ್ತಿಲ್ಲ.

"ನಂಗೂ ಒಂದು ಗುಟುಕು ಕೊಡಿ ಬುದ್ದಿ. ನಾನ್ ಒಣಗ್ಸಿದ್ದು ಯಂಗದೆ ಅಂತ ನೋಡ್ತೀನಿ."

"ಡಬ್ಬೀಲದೆ ನೋಡು," ಎಂದ ಪ್ರಭುಸ್ವಾಮಿ ತಗ್ಗಿದ ದನಿಯಲ್ಲಿ. "ನಿನ್ ಮಗ ಇಡ್ಕಂಡವ್ನೆ. ಕುಡ್ಕೋ ಓಗು."

ಬಳಿಕ ಅವನು ಜೇಬಿನಿಂದ ಗಾಜಿನ ಸೀಸೆ ತೆಗೆದ. ದೇವರ ತೀರ್ಥಕ್ಕೂ ಅಷ್ಟು ಜೋಪಾನವಿಲ್ಲ. ಪುನುಗುಬೆಕ್ಕು ಕಾಫಿ ಹಣ್ಣು ತಿಂದು ಹೇತ ಬೀಜದ ಪುಡಿ ಅದು, ಪೇಟೆಯಲ್ಲಿ ಚಿನ್ನದ ಬೆಲೆ. ಅದನ್ನು ಬಿಸಿನೀರಿಗೆ ಹಾಕಿ ಕುಡಿದ ಬೆಂಗಳೂರಿನವರಿಬ್ಬರೂ ಕಣ್ಣು ಮುಚ್ಚಿದರು. ಉಗಿಯಲಿಲ್ಲ, ನುಂಗಿದರು.

ಅವ್ವ ಕಿಸಕ್ಕನೆ ನಕ್ಕಳು. "ಅಲ್ಲ ಬುದ್ದಿ, ಬೆಕ್ಕಿನ ಮುಕಳೀಲಿ ಬಂದುದ್ದು ತೀರ್ತ, ನನ್ ಅಲ್ಲುಗೆ ತಾಕುದ್ದು ಎಂಜ್ಲಾ?"

ಗಡ್ಡದವನಿಗೆ ನಗು ತಡೆಯಲಾಗದೆ ಕಾಫಿ ಮೂಗಿಗೆ ಹತ್ತಿತು. "ಅಜ್ಜಿ ಬೆಂಕಿ ಸರ್! ಈ ಮಾಲು ಪೂರ್ತಿ ನಮಗೇ ಇರಲಿ. ಪೊಟ್ಟಣದ ಮೇಲೆ ಅಜ್ಜಿ ಫೋಟೋನೇ ಹಾಕೋಣ." ಇಬ್ಬರೂ ಜೀಪಿನಿಂದ ಕ್ಯಾಮೆರಾ ತರಲು ಹೋದರು.

ಅವರು ಬೆನ್ನು ತಿರುಗಿಸಿದ್ದೇ ತಡ, ಪ್ರಭುಸ್ವಾಮಿ ಮೀಟರ್ ಹಿಡಿದ ಕೈಯಿಂದಲೇ ಅವ್ವನ ದವಡೆಗೆ ಹೊಡೆದ.

"ನನ್ ಮುಂದೆ ಅಲ್ಲು ಕಿರೀತೀಯೇನೇ ಸೂಳೆ?"

ಅವ್ವ ಮಂಚದ ಮೇಲೆ ಬಿದ್ದಳು. ಬಾಯಿಂದ ಏನೋ ಹಾರಿ ಬೀಜದ ರಾಶಿಗೆ ಬಿತ್ತು. ಕೆಳದವಡೆಯ ಹಲ್ಲು.

ಈಗ ನನ್ನ ಪ್ರತಾಪ ಹೇಳಬೇಕು. ಒಂದೇ ನೆಗೆತಕ್ಕೆ ಹುಲಿ ಹೊಡೆದವನು ನಾನು, ಮರಿ ಹಾಕಿದ ಕರಡಿಯ ಎದುರು ನಿಂತು ಬೀಡಿ ಹಚ್ಚಿದವನು. ಡಬ್ಬಿ ಹಿಡಿದು ನಿಂತಿದ್ದೆ. ಒಂದು ಹನಿಯೂ ಚೆಲ್ಲಲಿಲ್ಲ.

"ಏನ್ಲಾ ಮಾದ, ಕಣ್ ಕಣ್ ಬುಡ್ತೀಯ? ಮೂಟೆಗೆ ತುಂಬ್ಲಾ. ಅವ್ರಿಗೆ ಇದೇ ಬೇಕಂತೆ."

ಅವ್ವ ಸೆರಗಿನಿಂದ ಬಾಯಿ ಒತ್ತಿಕೊಂಡು ಎದ್ದಳು. ನನ್ನ ಹೆಂಡತಿ ಪುಷ್ಪ ಓಡಿ ಬಂದು ಬೀಜದೊಳಗೆ ಬೆರಳಾಡಿಸಿ ಹಲ್ಲು ಹುಡುಕತೊಡಗಿದಳು. ತೊಳೆದು ಒಣಗಿಸಿದ ಕಾಫಿ ಬೀಜ ಹಳದಿ ಬಿಳುಪು. ಮುದುಕಿಯ ಹಲ್ಲೂ ಅದೇ ಬಣ್ಣ, ಅದೇ ಗಾತ್ರ.

ಕ್ಯಾಮೆರಾ ಬಂತು. ಅವ್ವನ ಮಡಿಲಿಗೆ ಬೀಜದ ಮೊರ ಇಟ್ಟರು.

"ಅಜ್ಜೀ, ಸೆರಗು ತೆಗೀರಿ. ಸ್ವಲ್ಪ ನಗಿ."

ಅವ್ವ ಪ್ರಭುಸ್ವಾಮಿಯನ್ನೇ ನೋಡುತ್ತ ಬಾಯನ್ನು ಪೂರ್ತಿ ತೆರೆದಳು. ಒಳಗೆಲ್ಲ ಕೆಂಪು, ಗಲ್ಲದವರೆಗೂ ಇಳಿದಿತ್ತು. ಹೆಂಗಸಿನ ಕ್ಯಾಮೆರಾ ಅರ್ಧಕ್ಕೆ ನಿಂತಿತು.

"ಎಲೆ ಅಡಿಕೆ ಮೇಡಂ," ಎಂದ ಪ್ರಭುಸ್ವಾಮಿ. "ಈ ಜನಕ್ಕೆ ಅದಿಲ್ದೆ ಆಗಲ್ಲ."

"ಓ, ಸೋ ಆಥೆಂಟಿಕ್," ಎಂದು ಅವಳು ಕ್ಲಿಕ್ಕಿಸಿದಳು.

ಅವ್ವ ಹುಟ್ಟಿದಂದಿನಿಂದ ಎಲೆ ಹಾಕಿದವಳಲ್ಲ.

ನಾನು ಮೂಟೆ ತುಂಬಿದೆ. ಐದನೆಯದರ ಬಾಯಿ ಹೊಲಿಯಲು ದಬ್ಬಳ ಎತ್ತಿದಾಗ ಬೀಜಗಳ ಮೇಲೇ ಅದು ಕೂತಿತ್ತು, ಬೇರಿಗೆ ಚೂರು ರಕ್ತ ಅಂಟಿಕೊಂಡು. ಪುಷ್ಪ ಕೈ ಚಾಚಿದಳು. ಅವ್ವ ಅವಳ ಮಣಿಕಟ್ಟು ಹಿಡಿದಳು.

"ಬ್ಯಾಡ ಕಣವ್ವ. ಅಲ್ಲೇ ಇರ್ಲಿ."

ಪ್ರಭುಸ್ವಾಮಿ ಅತಿಥಿಗಳ ಜೊತೆ ನಗುತ್ತ ಜೀಪಿಗೆ ಒರಗಿದ್ದ. ನಾನು ಹಲ್ಲಿನ ಮೇಲೆ ಬೆರಳಿಟ್ಟು ಒತ್ತಿದೆ. ಬೆರಳು ಹೋಯಿತು, ಅಂಗೈ ಹೋಯಿತು, ಮೊಣಕೈವರೆಗೆ ಬೀಜದಲ್ಲಿ ಇಳಿಯಿತು. ಅಲ್ಲಿ ಬಿಟ್ಟು ಕೈ ತೆಗೆದು, ಮೂಟೆಯ ಬಾಯಿ ಹೊಲಿದೆ.

"ವಸಿ ಬಿಗಿಯಾಗಿ ಒಲಿ ಮಾದ," ಎಂದಳು ಅವ್ವ, ರಕ್ತ ಉಗಿದು. "ಯಾರಾರಾ ಕಚ್ಚಲಿ. ಟಕ್ ಅಂತದೆ."