ನಿಂತೇ ಕೊಡಬೇಕಾದ ನೀರು

ತಾಮ್ರದ ಗಿಂಡಿಯ ಅಂಚಿನಲ್ಲಿ ನೀರು ನಡುಗುತ್ತಿದೆ, ನೀರಲ್ಲ, ತನ್ನ ಕೈ — ಮೃಣಾಲ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಳು, ಎದುರಿಗೆ ದಿಗಂಬರ ಜೈನ ಮುನಿ ಮಹಾರಾಜರು ನಿಂತು ಆಹಾರ ತೆಗೆದುಕೊಳ್ಳುತ್ತಿದ್ದಾರೆ, ದಿನಕ್ಕೆ ಒಂದೇ ಊಟ, ಅದೂ ಅಂಗೈಯಲ್ಲೇ, ಬಡಿಸುವವರ ಕೈಯಿಂದ ಪಾತ್ರೆ ಬಿದ್ದರೆ ಅಂತರಾಯ, ಅಲ್ಲಿಗೆ ಮುಗಿಯಿತು, ಜೋಡಿಸಿದ ಆ ಹತ್ತು ಬೆರಳು ಬಿಚ್ಚಿಕೊಳ್ಳುತ್ತವೆ, ನಾಳೆಯವರೆಗೆ ಅವರಿಗೆ ಅನ್ನವಿಲ್ಲ ನೀರಿಲ್ಲ, ಹೋದ ಚಾತುರ್ಮಾಸದಲ್ಲಿ ಆದದ್ದು ಅದೇ, ತನ್ನ ಕಣ್ಣಿಗೆ ಕತ್ತಲೆ ಬಂತು, ಗಿಂಡಿ ಠಣ್ ಎಂದಿತು, ಬೆರಳುಗಳು ಬಿಚ್ಚಿದವು, ಅನ್ನದ ಅಗುಳು ನೆಲಕ್ಕೆ ಉದುರಿತು, ಬೈಯಲಿಲ್ಲ ಮಹಾರಾಜರು, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು — ಅತ್ತೆ ರಾಜಮತಿ ಅಂದು ತಾವೂ ಉಪವಾಸ ಕೂತು ಬಂದವರಿಗೆಲ್ಲ ಹೇಳಿದರು, ನಮ್ಮ ಸೊಸಿಗೆ ನಿಂದ್ರೂದಂದ್ರ ಆಗೂದಿಲ್ಲ ನೋಡ್ರಿ, ತವರು ಗಡಹಿಂಗ್ಲಜದಾಗ ಹಂಗ ಬೆಳಿಸ್ಯಾರ — ಎದೆ ಓಡುತ್ತಿದೆ, ನಿಂತಲ್ಲೇ ಓಡುತ್ತಿದೆ, ಅದಾದ ಮೇಲೆ ಕೊಲ್ಹಾಪುರದ ಡಾಕ್ಟರಮ್ಮ ಮಲಗಿಸಿ ನಾಡಿ ನೋಡಿದರು, ನಿಲ್ಲಿಸಿ ನೋಡಿದರು, ಪಾಟ್ಸ್ ಅಂತಾರ್ರಿ ಇದಕ್ಕ, ನಿಂತ್ರ ರಕ್ತ ಕಾಲಾಗ ಇಳಿತದ, ಎದಿ ಅದಕ್ಕ ಓಡ್ತದ, ಉಪ್ಪುನೀರು ಕುಡೀರಿ, ಕತ್ತಲಿ ಬಂದ್ರ ಎಲ್ಲಿದ್ರೂ ಕೂಡ್ರಿ, ಸಣ್ಣವರಿದ್ದಾಗಿಂದ ಸಪ್ಪಳ ತಡಿಯಂಗಿಲ್ಲ ಅಂದ್ರಲ್ಲಾ, ಅದು ಸೊಕ್ಕಲ್ಲ, ಆಟಿಸಂ, ಅಂಥವರೊಳಗ ಭಾಳ ಮಂದಿಗೆ ಈ ಬ್ಯಾನಿನೂ ಇರ್ತದ — ಬಸ್ಸಿನುದ್ದಕ್ಕೂ ಅತ್ತಿದ್ದಳು, ಸಂತೋಷಕ್ಕೆ, ಕೊನೆಗೂ ಹೆಸರು ಸಿಕ್ಕಿತೆಂದು, ಗಂಡ ಜಿನೇಶ ಕಿಟಕಿಯ ಕಡೆ ನೋಡುತ್ತ, ಅವ್ವನ ಮುಂದ ಇದೆಲ್ಲಾ ಹೇಳಬ್ಯಾಡ, ಅಂದ.

ಈ ಮನೆಯಲ್ಲಿ ಮಹಾರಾಜರ ಆಹಾರ ಮುಗಿಯುವ ತನಕ ಬಾಯಿಗೆ ಹನಿ ಹಾಕುವಂತಿಲ್ಲ, ಉಪ್ಪುನೀರು ಎಲ್ಲಿಂದ ಬಂತು, ಅರ್ಧ ಒಣಗಿದ ಮಡಿ ಸೀರೆ ಮೈಯನ್ನು ಕಚ್ಚುತ್ತಿದೆ, ಹಿಂದಿನ ಗಲ್ಲಿಯ ಮಗ್ಗಗಳು ಖಟಖಟ ಖಟಖಟ, ಇಚಲಕರಂಜಿಯ ಅಷ್ಟೂ ಮಗ್ಗ ತಲೆಯೊಳಗೇ, ಅತ್ತೀ ಗಿಂಡಿ ಹಿಡೀರಿ, ಇಷ್ಟೇ ಹೇಳಬೇಕು, ಗದ್ದಲದಲ್ಲಿ ನಾಲಿಗೆ ಯಾವತ್ತೂ ಹೀಗೇ ಕೈಕೊಡುತ್ತದೆ, ಕಣ್ಣಂಚಿನಿಂದ ಕತ್ತಲೆ ಬಂತು, ಕೂತರೆ ಗಿಂಡಿ ಬೀಳುವುದಿಲ್ಲ, ಕೂತರೆ ಮಾನ ಹೋಗುತ್ತದೆ, ಹೋದರೆ ಹೋಗಲಿ, ಅವರು ಮತ್ತೆ ಹಸಿದು ಹೋಗಬಾರದು — ಗೋಡೆಗೆ ಬೆನ್ನು ಕೊಟ್ಟು ಜಾರಿದಳು, ಕೂತಳು, ಗಿಂಡಿ ಮಡಿಲಲ್ಲಿ ನೆಟ್ಟಗಿದೆ, ಒಂದು ಹನಿ ಚೆಲ್ಲಿಲ್ಲ, ನೋಡಿ, ಯಾರಾದರೂ ನೋಡಿ — ಏಳ, ಮೃಣಾಲ, ಏಳ, ಮತ್ತ ನಾಟಕ ಸುರು ಆತಲ್ಲ, ರಾಜಮತಿಯ ಕೈ ಬಂತು, ಗಿಂಡಿಯನ್ನು ಕಿತ್ತುಕೊಂಡಿತು, ಒದ್ದೆ ತಾಮ್ರ, ಜಾರಿತು, ಠಣ್, ಅತ್ತೆಯ ಕೈಯಿಂದ, ತನ್ನ ಕೈಯಿಂದಲ್ಲ, ಎಲ್ಲರ ಕಣ್ಣೂ ತನ್ನ ಮೇಲೆಯೇ, ಹೇಳಬೇಕು, ನಾಲಿಗೆ ಏಳುತ್ತಿಲ್ಲ, ಮೇಲೆ, ಬೆಳಕಿನಲ್ಲಿ, ಆ ಹತ್ತು ಬೆರಳು, ಬಿಚ್ಚುತ್ತಿವೆ, ಬಿಚ್ಚುತ್ತಿವೆ